ಸದ್ದಿಗೂ ಒಂದು ಶ್ರುತಿ ಬೇಕು

ಸೀರೆ ಕೊಳ್ಳಲು ಗಜೇಂದ್ರಗಡದ ಅಂಗಡಿಗೆ ಬಂದ ಹೆಣ್ಣುಮಕ್ಕಳು ಟ್ಯೂಬ್‌ಲೈಟಿನ ಬೆಳಕಿನಲ್ಲಿ ಬಣ್ಣ ನೋಡಿ ಒಪ್ಪಿಬಿಡುವುದಿಲ್ಲ. ಸೆರಗಿನ ತುದಿ ಹಿಡಿದು ಹೊಸ್ತಿಲ ಹೊರಗೆ ಬರುತ್ತಾರೆ, ಬಿಸಿಲಿಗೆ ಒಡ್ಡಿ ನೋಡುತ್ತಾರೆ. ಅಂಗಡಿಯವನು ಅದಕ್ಕೆ ಬೇಸರಿಸುವುದಿಲ್ಲ. ನೇಕಾರರ ಊರಿನಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ: ಬಣ್ಣ ಯಾವುದೆಂದು ಹೇಳಬೇಕಾದರೆ ಮೊದಲು ಬೆಳಕು ಯಾವುದೆಂದು ನಿಶ್ಚಯವಾಗಬೇಕು. ಕಿವಿಗೂ ಇಂಥದೇ ಒಂದು ಬಿಸಿಲು ಬೇಕಾಗುತ್ತದೆ. ಮುದ್ರಿಸಿದ ಹಾಡಿನಲ್ಲಿ ಹಾಡುಗಾರನ ದನಿ ತಬಲಾದ ಕೆಳಗೆ ಹೂತುಹೋಗಿದೆಯೇ, ಹಾರ್ಮೋನಿಯಂ ಹೆಚ್ಚಾಯಿತೇ, ಡೊಳ್ಳು ಕಡಿಮೆಯಾಯಿತೇ ಎಂದು ತೀರ್ಮಾನಿಸುವವನು ಎಷ್ಟು ಸದ್ದಿನಲ್ಲಿ ಕೇಳುತ್ತಿದ್ದಾನೆ ಎಂಬುದು ಮೊದಲು ಗೊತ್ತಾಗಬೇಕು. ಆ ಸದ್ದನ್ನು ಅಳೆದು, ಒಂದು ಕಡೆ ನಿಲ್ಲಿಸುವ ಕೆಲಸವೇ ಇಂದಿನ ಮಾತಿನ ವಿಷಯ.

ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಆಡಬೇಕಾದ ಮಾತೇ ಇದು ಎಂದು ಯಾರಾದರೂ ಕೇಳಬಹುದು. ಸ್ಟುಡಿಯೊ, ಮಾನಿಟರ್ ಸ್ಪೀಕರ್ ಎಂಬ ಮಾತುಗಳು ಮುಂಬಯಿಗೋ ಬೆಂಗಳೂರಿಗೋ ಸೇರಿದವು ಎಂಬ ಭಾವನೆ ಬಹಳ ಕಾಲ ಇತ್ತು. ಧ್ವನಿಸುರುಳಿಯ ದಿನಗಳಲ್ಲಿ ಹಳ್ಳಿಯ ಹಾಡುಗಾರ ಪಟ್ಟಣದ ಕ್ಯಾಸೆಟ್ ಕಂಪನಿಯ ಬಾಗಿಲು ಕಾಯಬೇಕಿತ್ತು. ಈಗ ಒಂದು ಕಂಪ್ಯೂಟರ್, ಒಂದು ಮೈಕು, ಅಂಗೈಯಗಲದ ಒಂದು ಆಡಿಯೊ ಪೆಟ್ಟಿಗೆ, ಎರಡು ಸ್ಪೀಕರ್ ಇದ್ದರೆ ಮನೆಯ ಮೂಲೆಯ ಕೋಣೆಯೇ ಸ್ಟುಡಿಯೊ. ಉತ್ತರ ಕರ್ನಾಟಕದ ಜಾನಪದ ಗೀತೆಗಳು, ಭಜನಾ ಪದಗಳು, ಡೊಳ್ಳಿನ ಪದಗಳು, ಮೊಹರಮ್ಮಿನ ರಿವಾಯತಗಳು ಇಂಥ ಕೋಣೆಗಳಲ್ಲೇ ಮುದ್ರಣಗೊಂಡು ಯೂಟ್ಯೂಬ್ ಸೇರುತ್ತಿವೆ. ಹಾಡುವ ಕಂಠಗಳಿಗೆ ಕೊರತೆಯಿಲ್ಲ, ಸಲಕರಣೆಯೂ ಕೈಗೆಟುಕುವ ಬೆಲೆಗೆ ಬಂದಿದೆ. ಆದರೂ ಒಂದು ದೂರು ಎಲ್ಲ ಕಡೆಯಿಂದ ಕೇಳಿಬರುತ್ತದೆ. ಕೋಣೆಯಲ್ಲಿ ಚಂದ ಕೇಳಿದ ಹಾಡು ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿ ಗುಂಯ್‌ಗುಡುತ್ತದೆ, ಮೊಬೈಲಿನಲ್ಲಿ ಕಿರುಚುತ್ತದೆ, ಮದುವೆ ಮನೆಯ ಡಿಜೆಯಲ್ಲಿ ಮಾತೇ ತಿಳಿಯದಂತಾಗುತ್ತದೆ. ಬಹಳ ಜನ ಇದಕ್ಕೆ ಮೈಕನ್ನು ಬೈಯುತ್ತಾರೆ, ಇನ್ನೂ ದುಬಾರಿಯದನ್ನು ತರಿಸುತ್ತಾರೆ. ದೋಷ ಅನೇಕ ಸಲ ಮೈಕಿನಲ್ಲಿರದೆ, ಕೇಳುವಾಗ ಗಳಿಗೆಗೊಮ್ಮೆ ಏರಿಳಿಯುವ ವಾಲ್ಯೂಮಿನ ತಿರುಪಿನಲ್ಲಿರುತ್ತದೆ.

ಕಿವಿಗೊಟ್ಟು ಕೇಳುವುದು ಈ ನೆಲಕ್ಕೆ ಹೊಸದಲ್ಲ. 1922ರ ಫೆಬ್ರವರಿ 4ರಂದು ರೋಣದಲ್ಲಿ ಹುಟ್ಟಿ ಗದಗಿನಲ್ಲಿ ಬೆಳೆದ ಶಾಲಾ ಮಾಸ್ತರರ ಮಗನೊಬ್ಬ ಓಣಿಯಲ್ಲಿ ಭಜನೆಯೋ ಬ್ಯಾಂಡೋ ಹೋದರೆ ಅದರ ಬೆನ್ನು ಹತ್ತಿ ಹೋಗಿಬಿಡುತ್ತಿದ್ದ. ದಣಿದು ಎಲ್ಲೋ ನಿದ್ದೆಹೋದ ಹುಡುಗನನ್ನು ಹುಡುಕಿ ಸಾಕಾದ ತಂದೆ ಕೊನೆಗೆ ಅವನ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆದರು ಎಂಬ ಕತೆ ಪ್ರಸಿದ್ಧ. ಆ ಹುಡುಗ ಮುಂದೆ ಪಂಡಿತ ಭೀಮಸೇನ ಜೋಶಿ ಆದರು. ಅವರನ್ನು ಮನೆ ಬಿಡಿಸಿದ್ದು ಯಾವುದೇ ಕಛೇರಿಯಲ್ಲ, ಒಂದು ಗ್ರಾಮಫೋನ್ ತಟ್ಟೆ. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಝಿಂಝೋಟಿ ರಾಗದಲ್ಲಿ ಹಾಡಿದ ಠುಮ್ರಿಯ ಧ್ವನಿಮುದ್ರಿಕೆ ಕೇಳಿ, ಹೀಗೆ ಹಾಡಲು ಕಲಿಯಲೇಬೇಕೆಂದು ಹಟ ಹಿಡಿದು, 1933ರಲ್ಲಿ, ಹನ್ನೊಂದನೆಯ ವಯಸ್ಸಿಗೆ, ಗುರುವನ್ನು ಹುಡುಕಿಕೊಂಡು ಅವರು ರೈಲು ಹತ್ತಿದರು. ಗ್ವಾಲಿಯರ್, ಲಖನೌ, ರಾಮಪುರ, ಜಲಂಧರ ಎಂದು ತಿರುಗಿ ಕೊನೆಗೆ ಗುರು ಸಿಕ್ಕಿದ್ದು ಮನೆಯ ಮಗ್ಗುಲಿನಲ್ಲೇ. ಕುಂದಗೋಳದ ಸವಾಯಿ ಗಂಧರ್ವರು, ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು.

ಈಗ ಕೇಳಬೇಕಾದ ಪ್ರಶ್ನೆ ಇದು: ಆ ಹುಡುಗನ ಕಿವಿಗೆ ನಿಜವಾಗಿ ಬಿದ್ದದ್ದು ಏನು?

ಕೀಲಿ ಕೊಡುವ ಗ್ರಾಮಫೋನಿನ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗಬೇಕು. ಸ್ಪ್ರಿಂಗು ಸಡಿಲಾದರೆ, ವೇಗದ ತಿರುಪು ಅತ್ತಿತ್ತ ಸರಿದಿದ್ದರೆ ವೇಗ ಬದಲಾಗುತ್ತದೆ, ವೇಗದೊಡನೆ ಶ್ರುತಿಯೂ ಬದಲಾಗುತ್ತದೆ. 78ರ ಬದಲು 82 ಅಥವಾ 83 ಸುತ್ತು ತಿರುಗಿತೆಂದರೆ ಹಾಡು ಹೆಚ್ಚುಕಡಿಮೆ ಅರ್ಧ ಸ್ವರ ಮೇಲೇರುತ್ತದೆ. ಬಿಳಿ ಒಂದರಲ್ಲಿ ಹಾಡಿದವರು ಕಪ್ಪು ಒಂದರಲ್ಲಿ ಹಾಡಿದಂತೆ ಕೇಳುತ್ತದೆ, ಲಯವೂ ಅಷ್ಟೇ ಚುರುಕಾಗುತ್ತದೆ. ಹೀಗಾಗಬಾರದೆಂದು ಬಳಸುತ್ತಿದ್ದ ಉಪಾಯ ಸೊಗಸಾದದ್ದು. ಅಂಚಿನಲ್ಲಿ 77 ಕಪ್ಪು ಗೆರೆಗಳಿರುವ ಒಂದು ಕಾಗದದ ಚಕ್ರವನ್ನು ತಟ್ಟೆಯ ಮೇಲಿಟ್ಟು ವಿದ್ಯುದ್ದೀಪದ ಬೆಳಕಿನಲ್ಲಿ ನೋಡುವುದು. 50 ಸೈಕಲ್ಲಿನ ವಿದ್ಯುತ್ತಿನಲ್ಲಿ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ನಿಮಿಷಕ್ಕೆ 6,000 ಸಲ. ಅದನ್ನು 77ರಿಂದ ಭಾಗಿಸಿದರೆ ಹತ್ತಿರಹತ್ತಿರ 78. ವೇಗ ಸರಿಯಿದ್ದರೆ ತಿರುಗುತ್ತಿರುವ ಗೆರೆಗಳು ನಿಂತಂತೆ ಕಾಣುತ್ತವೆ. ಮುಂದೆ ಓಡಿದರೆ ವೇಗ ಹೆಚ್ಚು, ಹಿಂದೆ ಸರಿದರೆ ಕಡಿಮೆ. ಯಂತ್ರವನ್ನು ನಂಬಿ ಕೇಳುವ ಮೊದಲು ಯಂತ್ರವನ್ನೇ ಪರೀಕ್ಷಿಸುವ ಪದ್ಧತಿ ಎಷ್ಟು ಹಳೆಯದೆಂಬುದಕ್ಕೆ ಈ ಕಾಗದದ ಚಕ್ರ ಒಂದು ಸಾಕ್ಷಿ.

ಇನ್ನು ದನಿಯ ಗಾತ್ರ. 1925ರಲ್ಲಿ ವಿದ್ಯುತ್ ಮೈಕಿನ ಮುದ್ರಣ ಬರುವ ಮುಂಚೆ ಹಾಡುಗಾರರು ತಗಡಿನ ಕಹಳೆಯೊಳಗೆ ಮುಖವಿಟ್ಟು ಹಾಡಬೇಕಿತ್ತು. ಆ ಕಹಳೆಗೆ ದಕ್ಕುತ್ತಿದ್ದದ್ದು ಸ್ಥೂಲವಾಗಿ ಸೆಕೆಂಡಿಗೆ 250ರಿಂದ 2,500 ಕಂಪನಗಳ ನಡುವಿನ ನಾದ ಮಾತ್ರ. ಕಪ್ಪು ಒಂದರಲ್ಲಿ ಹಾಡುವ ಗಂಡುದನಿಯ ಮಧ್ಯ ಷಡ್ಜ ಸುಮಾರು 139 ಕಂಪನ. ಅಂದರೆ ಹಾಡಿನ ಆಧಾರ ಸ್ವರದ ಬುಡವೇ ತಟ್ಟೆಯ ಮೇಲೆ ಇರುತ್ತಿರಲಿಲ್ಲ ಎನ್ನಬೇಕು. ಆದರೂ ಕೇಳಿದವರಿಗೆ ಷಡ್ಜ ಕೇಳಿಸುತ್ತಿತ್ತು. ಒಂದು ಸ್ವರದ ಮೇಲಣ ಅನುಸ್ವರಗಳು ಕಿವಿಗೆ ಬಿದ್ದರೆ ಸಾಕು, ಕಾಣೆಯಾದ ಬುಡವನ್ನು ಮಿದುಳು ತಾನೇ ಕಟ್ಟಿಕೊಳ್ಳುತ್ತದೆ. ಗಡಿಗೆಯ ಕಂಠ ನೋಡಿ ಹೊಟ್ಟೆಯನ್ನು ಊಹಿಸಿದ ಹಾಗೆ. ವಿದ್ಯುತ್ ಮುದ್ರಣ ಬಂದ ಮೇಲೆ ವ್ಯಾಪ್ತಿ ಸುಮಾರು 100ರಿಂದ 5,000 ಕಂಪನಗಳವರೆಗೆ ಹಿಗ್ಗಿತು; ಆದರೆ ಊರ ಮನೆಗಳಲ್ಲಿದ್ದ ಕಹಳೆಯ ಪೆಟ್ಟಿಗೆಗಳು ಅದನ್ನೆಲ್ಲ ನುಡಿಸುವ ತಾಕತ್ತಿನವಲ್ಲ.

ವಿಚಿತ್ರವೆಂದರೆ ನೂರು ವರ್ಷ ಕಳೆದ ಮೇಲೆ ಕೇಳುಗರು ಮತ್ತೆ ಅದೇ ಕಹಳೆಯ ಬಳಿ ಬಂದು ನಿಂತಿದ್ದಾರೆ. ಕಿಸೆಯಲ್ಲಿರುವ ಮೊಬೈಲಿನ ಸ್ಪೀಕರ್ ಕಿರುಬೆರಳಿನ ಉಗುರಿನಷ್ಟು. ಡೊಳ್ಳಿನ ಗುಮ್ಮೆನ್ನುವ ಭಾಗ ಅದರಲ್ಲಿ ಬರುವುದೇ ಇಲ್ಲ. ಮೊಬೈಲಿನಲ್ಲೇ ಕೇಳಿ ಹಾಡಿನ ಮಿಶ್ರಣ ಮಾಡುವ ಹುಡುಗ ಡೊಳ್ಳು ಕೇಳುತ್ತಿಲ್ಲವೆಂದು ಕೆಳಸ್ವರಗಳನ್ನು ಏರಿಸುತ್ತಾನೆ, ಮತ್ತೂ ಏರಿಸುತ್ತಾನೆ. ಮೊಬೈಲಿನಲ್ಲಿ ಆಗಲೂ ಕೇಳುವುದಿಲ್ಲ. ಅದೇ ಹಾಡು ಹದಿನೆಂಟು ಇಂಚಿನ ಡಿಜೆ ಪೆಟ್ಟಿಗೆಗೆ ಹೋದಾಗ ಓಣಿಯ ಮನೆಗಳ ಕಿಟಕಿ ನಡುಗುತ್ತವೆ. ಇಲ್ಲಿಯೇ ಸ್ಟುಡಿಯೊ ಮಾನಿಟರಿನ ಅಗತ್ಯ. ಮನೆಯ ಸ್ಪೀಕರ್ ಹಾಡನ್ನು ಚಂದಗಾಣಿಸಲು ಮಾಡಿದ್ದು, ಮಾನಿಟರ್ ಹಾಡನ್ನು ಇದ್ದಂತೆ ತೋರಿಸಲು ಮಾಡಿದ್ದು. ಅಕ್ಕಸಾಲಿಗನ ಒರೆಗಲ್ಲಿಗೆ ಹೊಳಪಿಲ್ಲ, ಹೊಳಪು ಅದರ ಕೆಲಸವೂ ಅಲ್ಲ.

ಆದರೆ ಒಳ್ಳೆಯ ಮಾನಿಟರ್ ತಂದಿಟ್ಟರೆ ಮುಗಿಯಲಿಲ್ಲ. ಭೀಮಸೇನರು ಮನೆ ಬಿಟ್ಟ ಅದೇ 1933ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಹಾರ್ವಿ ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಒಂದು ಪ್ರಬಂಧ ಪ್ರಕಟಿಸಿದರು. ಜನರ ಕಿವಿಗೆ ಬೇರೆಬೇರೆ ಎತ್ತರದ ಸ್ವರಗಳನ್ನು ಕೇಳಿಸಿ, ಯಾವುದು ಯಾವುದರಷ್ಟು ಜೋರಾಗಿ ಕೇಳುತ್ತದೆಂದು ಹೋಲಿಸಿ ನಕ್ಷೆ ಬರೆದಿದ್ದರು. ಅದರಿಂದ ಹೊರಬಿದ್ದ ಸಂಗತಿ ಹೀಗಿದೆ: ಮನುಷ್ಯನ ಕಿವಿ ಎಲ್ಲ ಸ್ವರಗಳಿಗೂ ಒಂದೇ ನ್ಯಾಯ ಕೊಡುವುದಿಲ್ಲ, ಮತ್ತು ಸದ್ದಿನ ಪ್ರಮಾಣ ಬದಲಾದಂತೆ ಆ ಪಕ್ಷಪಾತವೂ ಬದಲಾಗುತ್ತದೆ. ಮೆಲ್ಲನೆ ಕೇಳುವಾಗ ಮಂದ್ರದ ಸ್ವರಗಳಿಗೆ ಕಿವಿ ಹೆಚ್ಚು ಮಂದ. ಮೆಲುಸದ್ದಿನಲ್ಲಿ, 1,000 ಕಂಪನದ ಸ್ವರದಷ್ಟೇ ಜೋರಾಗಿ ಕೇಳಬೇಕಾದರೆ 100 ಕಂಪನದ ಸ್ವರಕ್ಕೆ 20 ಡೆಸಿಬೆಲ್‌ಗೂ ಹೆಚ್ಚು ಬಲ ಬೇಕು. ಸದ್ದು ಏರಿಸುತ್ತ ಹೋದಂತೆ ಈ ಅಂತರ ಕಿರಿದಾಗುತ್ತದೆ. ಈ ನಕ್ಷೆಗಳು ಪರಿಷ್ಕಾರಗೊಂಡು ಇಂದು ಅಂತರರಾಷ್ಟ್ರೀಯ ಮಾನಕವಾಗಿವೆ. 2023ರಲ್ಲಿ ಮತ್ತೊಮ್ಮೆ ತಿದ್ದುಪಡಿಯಾಯಿತು.

ಡೆಸಿಬೆಲ್ ಎಂಬ ಮಾತು ಬಂದಿತು. ಇದು ಗಜಕೋಲಿನಂಥ ಅಳತೆಯಲ್ಲ, ಪಟ್ಟಿನ ಅಳತೆ. 10 ಡೆಸಿಬೆಲ್ ಏರಿತೆಂದರೆ ಸದ್ದಿನ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಮಾತ್ರ ಸುಮಾರು ಎರಡು ಪಟ್ಟು ಜೋರೆನಿಸುತ್ತದೆ. 3 ಡೆಸಿಬೆಲ್ ಎಂದರೆ ಶಕ್ತಿ ಇಮ್ಮಡಿ. ಒಂದು ಮೀಟರ್ ದೂರದಿಂದ ಕೇಳುವ ಸಾಧಾರಣ ಮಾತುಕತೆ ಸುಮಾರು 60 ಡೆಸಿಬೆಲ್. ಇಷ್ಟು ನೆನಪಿದ್ದರೆ ಮುಂದಿನ ಲೆಕ್ಕಕ್ಕೆ ಸಾಕು.

ಫ್ಲೆಚರ್, ಮನ್ಸನ್ ಕಂಡುಕೊಂಡದ್ದನ್ನು ಕೋಣೆಯೊಳಗಿನ ಸ್ಟುಡಿಯೊಗೆ ಅನ್ವಯಿಸಿ ನೋಡಿ. ರಾತ್ರಿ ಮನೆಯವರು ಮಲಗಿದ್ದಾರೆಂದು ಸದ್ದು ತಗ್ಗಿಸಿ ಕೆಲಸ ಮಾಡಿದವನಿಗೆ ಡೊಳ್ಳು ತೆಳುವಾಗಿ ಕೇಳುತ್ತದೆ, ಅವನು ಡೊಳ್ಳು ಏರಿಸುತ್ತಾನೆ. ಮರುದಿನ ಮಧ್ಯಾಹ್ನ ಗೆಳೆಯರ ಮುಂದೆ ಹುರುಪಿನಿಂದ ಜೋರಾಗಿ ಹಚ್ಚುತ್ತಾನೆ, ಆಗ ಡೊಳ್ಳು ಅತಿಯಾಯಿತೆಂದು ಇಳಿಸುತ್ತಾನೆ. ಹೀಗೆ ಏರಿಸಿ ಇಳಿಸಿ ವಾರ ಕಳೆಯುತ್ತದೆ. ಹಾಡಿನಲ್ಲಿ ಯಾವ ತಪ್ಪೂ ಇರಲಿಲ್ಲ. ಅಳೆಯುವ ಸೇರು ಹೊತ್ತಿಗೊಂದು ಗಾತ್ರ ತಾಳುತ್ತಿತ್ತು, ಅಷ್ಟೇ. ಸಂತೆಯಲ್ಲಿ ಹೆಸರುಕಾಳು ಅಳೆಯುವವನ ಸೇರಿಗೆ ಸರಕಾರದ ಮುದ್ರೆ ಇದೆಯೇ ಎಂದು ನೋಡುವ ರೈತ ತನ್ನ ಮಗನ ವಾಲ್ಯೂಮಿನ ತಿರುಪಿಗೆ ಯಾವ ಮುದ್ರೆ ಇದೆ ಎಂದು ಕೇಳುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಮೋಸವಿದೆ. ಎರಡು ಧ್ವನಿಗಳನ್ನು ಒಂದರ ಹಿಂದೊಂದು ಕೇಳಿಸಿ, ಒಂದನ್ನು ಕೇವಲ 1 ಡೆಸಿಬೆಲ್ ಜೋರು ಮಾಡಿದರೂ ಕೇಳುವವರು ಅದನ್ನೇ ‘ಚಲೋ ಐತಿ’ ಎನ್ನುತ್ತಾರೆ. ಜೋರು ಮಾಡಿದ್ದಾರೆಂದು ಅವರಿಗೆ ಗೊತ್ತಾಗುವುದಿಲ್ಲ. ಸ್ಪಷ್ಟವಾಗಿದೆ, ತುಂಬಿಕೊಂಡಿದೆ ಎಂದೆನಿಸುತ್ತದೆ. ಸ್ಪೀಕರ್ ಮಾರುವ ಅಂಗಡಿಗಳಿಗೆ ಈ ಗುಟ್ಟು ಬಹಳ ಹಿಂದೆಯೇ ತಿಳಿದಿದೆ. ಕಂಪ್ಯೂಟರಿನಲ್ಲಿ ಹಾಡಿಗೆ ಯಾವುದೋ ಹೊಸ ಪರಿಣಾಮ ಹಾಕಿ ‘ಸುಧಾರಿಸಿತು’ ಎನ್ನುವಾಗ ಸುಧಾರಿಸಿದ್ದು ಹಾಡೋ, ಸದ್ದೋ ಎಂದು ಕೇಳಿಕೊಳ್ಳಬೇಕು.

ರೇಡಿಯೊದವರು ಇದಕ್ಕೆ ತಮ್ಮದೇ ಶಿಸ್ತು ಕಟ್ಟಿಕೊಂಡಿದ್ದರು. ಹಿಂದೆ ದೂರದರ್ಶನದಲ್ಲಿ ಕಾರ್ಯಕ್ರಮ ಶುರುವಾಗುವ ಮುಂಚೆ ಬಣ್ಣದ ಪಟ್ಟಿಗಳು ನಿಂತು, ‘ಕೂ’ ಎಂಬ ಒಂದೇ ಸ್ವರ ಎಡೆಬಿಡದೆ ಕೇಳಿಬರುತ್ತಿದ್ದದ್ದು ಅನೇಕರಿಗೆ ನೆನಪಿರಬೇಕು. ಮಕ್ಕಳು ಅದನ್ನು ಅಣಕಿಸುತ್ತಿದ್ದರು. ಆ ಸ್ವರ ಇದ್ದದ್ದು ನೋಡುಗರಿಗಾಗಿ ಅಲ್ಲ, ಎಂಜಿನಿಯರುಗಳಿಗಾಗಿ. ಸೆಕೆಂಡಿಗೆ 1,000 ಕಂಪನದ ಶುದ್ಧ ಸ್ವರವನ್ನು ಗೊತ್ತಾದ ಒಂದು ಮಟ್ಟದಲ್ಲಿ ಕಳಿಸುವುದು, ದಾರಿಯುದ್ದಕ್ಕೂ ಪ್ರತಿ ಯಂತ್ರದ ಮುಳ್ಳು ಅದೇ ಗೆರೆಗೆ ಬರುವಂತೆ ಹೊಂದಿಸುವುದು ಅದರ ಉದ್ದೇಶ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಆಕಾಶವಾಣಿ ಈ ಭಾಗದ ಹಾಡುಗಾರರನ್ನು ಮನೆಮನೆಗೆ ಮುಟ್ಟಿಸಿದ್ದು ಇಂಥ ಮುಳ್ಳು ನೋಡಿ ಕೆಲಸ ಮಾಡುವ ಶಿಸ್ತಿನಿಂದಲೇ. ಆದರೆ ಮುಳ್ಳು ಹೇಳುವುದು ತಂತಿಯೊಳಗೆ ಎಷ್ಟು ವಿದ್ಯುತ್ತು ಹರಿಯುತ್ತಿದೆ ಎಂದು. ಕಿವಿಗೆ ಎಷ್ಟು ಸದ್ದು ಬೀಳುತ್ತಿದೆ ಎಂದಲ್ಲ. ಈ ಎರಡನ್ನೂ ಗಟ್ಟಿಯಾಗಿ ಗಂಟು ಹಾಕಿದ್ದು ಸಿನಿಮಾದವರು. 1970ರ ದಶಕದಲ್ಲಿ ಡಾಲ್ಬಿ ಪದ್ಧತಿಯೊಡನೆ, ಹಾಡು ಮಿಶ್ರಣ ಮಾಡುವ ಕೊಠಡಿಯಲ್ಲೂ ಚಿತ್ರಮಂದಿರದಲ್ಲೂ ಗೊತ್ತಾದ ಸಂಕೇತಕ್ಕೆ 85 ಡೆಸಿಬೆಲ್ ಸದ್ದು ಬರಬೇಕೆಂಬ ನಿಯಮ ರೂಢಿಗೆ ಬಂದಿತು. ಸಂಗೀತದ ಸ್ಟುಡಿಯೊಗಳಲ್ಲಿ ಅಂಥ ನಿಯಮವಿರಲಿಲ್ಲ. 2000ರಲ್ಲಿ ಬಾಬ್ ಕಾಟ್ಸ್ ಎಂಬ ಅಮೆರಿಕದ ಎಂಜಿನಿಯರ್ ಸಂಗೀತಕ್ಕೂ ಇಂಥದೊಂದು ಪದ್ಧತಿಯನ್ನು ಮುಂದಿಟ್ಟರು. ಅದರ ತಿರುಳು ಸರಳ: ಸ್ಪೀಕರಿನ ಸದ್ದನ್ನು ಅಳೆದು ನಿಲ್ಲಿಸು, ತಿರುಪಿಗೆ ಗುರುತು ಹಾಕು, ಆಮೇಲೆ ಕಿವಿಯನ್ನು ನಂಬು.

ಅಳೆಯುವುದು ಹೇಗೆ? ಮೊದಲು ಬೇಕಾದದ್ದು ಅಳತೆಗೆ ಒಂದು ಸದ್ದು. ಒಂಟಿ ಸ್ವರ ಇದಕ್ಕೆ ಒಗ್ಗುವುದಿಲ್ಲ. ಕೋಣೆಯ ಗೋಡೆಗಳ ನಡುವೆ ಅದು ಒಂದು ಕಡೆ ಉಬ್ಬಿ ಇನ್ನೊಂದು ಕಡೆ ಸತ್ತುಹೋಗುತ್ತದೆ, ತಲೆ ಒಂದು ಗೇಣು ಸರಿಸಿದರೆ ಅಳತೆ ಬದಲಾಗುತ್ತದೆ. ಅದಕ್ಕಾಗಿ ಪಿಂಕ್ ನಾಯ್ಸ್ ಎಂಬ ಸದ್ದನ್ನು ಬಳಸುತ್ತಾರೆ. ನರಗುಂದದ ಕಡೆ ಮಲಪ್ರಭಾ ಕಾಲುವೆಯ ತೂಬು ಎತ್ತಿದಾಗ ನೀರು ಧುಮುಕುವ ಸದ್ದನ್ನು ಕೇಳಿದವರಿಗೆ ಅದನ್ನು ಬೇರೆ ವರ್ಣಿಸಬೇಕಿಲ್ಲ. ಅದರ ವಿಶೇಷವೆಂದರೆ ಮಂದ್ರ, ಮಧ್ಯ, ತಾರ ಎಂದು ಪ್ರತಿ ಸಪ್ತಕದಲ್ಲೂ ಸಮಸಮ ಶಕ್ತಿ ಇರುತ್ತದೆ. ಈ ಸದ್ದಿನ ಕಡತಗಳು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ಡಿಜಿಟಲ್ ಮಾಪಕದಲ್ಲಿ ಸರಾಸರಿ ಮೈನಸ್ 20 ಎಂದು ಗುರುತಿರುವ ಕಡತ ಬೇಕು. ಡಿಜಿಟಲ್ ಲೆಕ್ಕದಲ್ಲಿ ಸೊನ್ನೆಯೇ ಸೂರು. ಅದಕ್ಕೆ ತಲೆ ತಾಗಿದರೆ ದನಿ ಒಡೆಯುತ್ತದೆ. ಮೈನಸ್ 20 ಎಂದರೆ ಸೂರಿಗೂ ತಲೆಗೂ ನಡುವೆ 20 ಡೆಸಿಬೆಲ್ ಜಾಗ ಬಿಟ್ಟ ಹಾಗೆ; ತಾನು ಹಾಕುವ ಹಾಡುಗಾರ ಏಕಾಏಕಿ ಎದ್ದು ನಿಂತರೂ ಸೂರು ತಾಗುವುದಿಲ್ಲ.

ಎರಡು ಸ್ಪೀಕರ್ ಮತ್ತು ಕೇಳುವವನ ತಲೆ ಮೂರೂ ಸೇರಿ ಸಮಭುಜ ತ್ರಿಕೋನವಾಗಬೇಕು. ಕಣ್ಣಳತೆ ಸಾಲದು, ಹಗ್ಗ ಹಿಡಿದು ಅಳೆಯಬೇಕು. ಸ್ಪೀಕರಿನ ಮೇಲಿನ ಸಣ್ಣ ಕೋಶ ಕುಳಿತವನ ಕಿವಿಯ ಮಟ್ಟಕ್ಕೆ ಬರಬೇಕು. ಒಂದು ಸ್ಪೀಕರ್ ಮೂಲೆಯಲ್ಲಿ, ಇನ್ನೊಂದು ಬಾಗಿಲ ಬಳಿ ಇದ್ದರೆ ಮೂಲೆಯದು ಕೆಳಸ್ವರಗಳನ್ನು ಹೆಚ್ಚಿಸಿ ಕೇಳಿಸುತ್ತದೆ. ಗೋಡೆಯಿಂದ ಎರಡರ ದೂರವೂ ಒಂದೇ ಇರಲಿ. ಪಂಕ ನಿಲ್ಲಿಸಬೇಕು. ಮಗ್ಮೊಗ್ಗುಲಿನ ಮನೆಯಲ್ಲಿ ಮಗ್ಗ ನಡೆಯುತ್ತಿದ್ದರೆ ಅದು ನಿಲ್ಲುವವರೆಗೆ ಕಾಯಬೇಕು.

ಆಮೇಲೆ ಆಡಿಯೊ ಪೆಟ್ಟಿಗೆಯ ಮುಖ್ಯ ತಿರುಪನ್ನು ಒಂದು ಕಡೆ ನಿಲ್ಲಿಸಿ, ಒಂದು ಸ್ಪೀಕರನ್ನು ಮಾತ್ರ ನುಡಿಸಬೇಕು. ಸದ್ದಿನ ಮಾಪಕವನ್ನು ತಲೆ ಇರುವ ಜಾಗದಲ್ಲಿ, ಕಿವಿಯ ಎತ್ತರಕ್ಕೆ ಹಿಡಿದು, ಮಾಪಕದ ಗುಂಡಿಯನ್ನು ‘ಸಿ’ಗೆ, ವೇಗವನ್ನು ‘ನಿಧಾನ’ಕ್ಕೆ ಇಡಬೇಕು. ‘ಎ’ಗೆ ಯಾಕೆ ಇಡಬಾರದೆಂದರೆ, ‘ಎ’ ಎಂಬುದು ಮೆಲುಸದ್ದಿಗೆ ಮನುಷ್ಯನ ಕಿವಿ ತೋರುವ ಪಕ್ಷಪಾತವನ್ನು ಅನುಕರಿಸುವ ಲೆಕ್ಕ. 100 ಕಂಪನದ ಸ್ವರವನ್ನು ಅದು ಸುಮಾರು 19 ಡೆಸಿಬೆಲ್ ಕಡಿಮೆ ಮಾಡಿ ತೋರಿಸುತ್ತದೆ. ‘ಸಿ’ ಬಹುಮಟ್ಟಿಗೆ ಇದ್ದದ್ದನ್ನು ಇದ್ದಂತೆ ತೋರಿಸುತ್ತದೆ. ಸ್ಪೀಕರಿನ ಬೆನ್ನಿಗಿರುವ ತಿರುಪನ್ನು ಮೆಲ್ಲಗೆ ಏರಿಸುತ್ತ ಮಾಪಕ ಬೇಕಾದ ಸಂಖ್ಯೆಗೆ ಬಂದಾಗ ನಿಲ್ಲಿಸುವುದು. ಅದನ್ನು ಮುಚ್ಚಿ ಇನ್ನೊಂದನ್ನು ನುಡಿಸಿ ಅದೇ ಸಂಖ್ಯೆಗೆ ತರುವುದು. ಎರಡರ ನಡುವೆ ಅರ್ಧ ಡೆಸಿಬೆಲ್‌ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕೊನೆಗೆ ಎರಡನ್ನೂ ಒಟ್ಟಿಗೆ, ಒಂದೇ ಸಂಕೇತದಿಂದ ನುಡಿಸಿ ಕಣ್ಣು ಮುಚ್ಚಿ ಕುಳಿತರೆ ಸದ್ದು ಎರಡು ಸ್ಪೀಕರುಗಳಿಂದ ಬಂದಂತೆ ಕೇಳಬಾರದು, ನಟ್ಟನಡುವೆ ಗಾಳಿಯಲ್ಲಿ ನಿಂತಂತೆ ಕೇಳಬೇಕು.

ಬೇಕಾದ ಸಂಖ್ಯೆ ಯಾವುದು? ದೊಡ್ಡ ಕೊಠಡಿಗೆ ಪ್ರತಿ ಸ್ಪೀಕರಿಗೆ 83 ಡೆಸಿಬೆಲ್ ಎಂಬುದು ಕಾಟ್ಸ್ ಅವರ ಪದ್ಧತಿ. ಹತ್ತು ಅಡಿ ಹನ್ನೆರಡು ಅಡಿಯ ಕೋಣೆಯಲ್ಲಿ 83 ಕಿವಿಗೆ ಅಪ್ಪಳಿಸಿದಂತಾಗುತ್ತದೆ. ಗೋಡೆಗಳು ಹತ್ತಿರವಿರುವುದರಿಂದ ಸದ್ದು ಮರಳಿ ಬಂದು ಮೈಮೇಲೆ ಬೀಳುತ್ತದೆ. ಅಂಥಲ್ಲಿ 73ರಿಂದ 78ರ ನಡುವೆ ಎಲ್ಲಾದರೂ ನಿಲ್ಲಿಸಬಹುದು. ಸಂಖ್ಯೆ ಯಾವುದು ಎಂಬುದಕ್ಕಿಂತ ಅದು ದಿನವೂ ಒಂದೇ ಆಗಿರುವುದು ಮುಖ್ಯ. ಆ ಜಾಗಕ್ಕೆ ತಿರುಪಿನ ಪಕ್ಕ ಉಗುರಬಣ್ಣದಿಂದಲೋ ಮಾರ್ಕರಿನಿಂದಲೋ ಒಂದು ಗೆರೆ ಎಳೆದುಬಿಟ್ಟರೆ ಆಯಿತು.

ಮಾಪಕ ಕೊಳ್ಳಲು ಹಣವಿಲ್ಲದವರು ಮೊಬೈಲಿನ ಆ್ಯಪ್ ಬಳಸುತ್ತಾರೆ. ಅದು ತೋರಿಸುವ ಸಂಖ್ಯೆ ನಿಜವಾದದ್ದಕ್ಕಿಂತ ಹಲವು ಡೆಸಿಬೆಲ್ ಹೆಚ್ಚುಕಡಿಮೆ ಇರಬಹುದು, ಒಂದು ಫೋನಿನಂತೆ ಇನ್ನೊಂದಿಲ್ಲ. ಆದರೆ ಎಡಬಲ ಸ್ಪೀಕರುಗಳನ್ನು ಸರಿಸಮ ಮಾಡಲು ಅಷ್ಟೇ ಸಾಕು. ತಪ್ಪು ತಕ್ಕಡಿಯಲ್ಲೂ ಎರಡು ಗಂಟುಗಳ ತೂಕ ಒಂದೇ ಎಂದು ಕಂಡುಹಿಡಿಯಬಹುದಲ್ಲ!

ಕೋಣೆಯ ವಿಷಯ ಸ್ವಲ್ಪ ತಕರಾರಿನದು. ಹಳೆಯ ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಜಂತಿ, ತೊಲೆ, ಮಣ್ಣಿನ ಗೋಡೆ, ಮೂಲೆಯಲ್ಲಿ ಕಾಳಿನ ಚೀಲ ಎಲ್ಲ ಸೇರಿ ಸದ್ದು ಚೆದುರಿ ಮೆತ್ತಗಾಗುತ್ತಿತ್ತು. ಈಗಿನ ಆರ್‌ಸಿಸಿ ಕೋಣೆ ನುಣುಪಾದ ಪೆಟ್ಟಿಗೆ; ಚಪ್ಪಾಳೆ ತಟ್ಟಿದರೆ ಜಿಂಯ್ ಎನ್ನುತ್ತದೆ. ಅದಕ್ಕೆಂದು ಗೋಡೆಗೆ ಕೌದಿ ಇಳಿಬಿಡುವವರುಂಟು. ಕೌದಿ ಒಳ್ಳೆಯದೇ, ಜಿಂಯ್ ಎನ್ನುವ ಮೇಲುಸ್ವರಗಳನ್ನು ಅದು ಹೀರುತ್ತದೆ. ಆದರೆ ಕೆಳಸ್ವರಗಳು ಕೌದಿಗೆ ಜಗ್ಗುವುದಿಲ್ಲ, ಅವುಗಳ ಅಲೆ ಮೀಟರುಗಟ್ಟಲೆ ಉದ್ದ. ಬರೀ ಕೌದಿಗಳನ್ನೇ ಸುತ್ತಿದ ಕೋಣೆಯಲ್ಲಿ ದನಿ ಸತ್ತು, ಗುಂಯ್ ಉಳಿಯುತ್ತದೆ. ಹತ್ತಿ ಬೆಳೆಯುವ ಸೀಮೆಯಲ್ಲಿ ಇದಕ್ಕೆ ಪರಿಹಾರ ದೂರವಿಲ್ಲ. ಒಂದು ಗೇಣಿಗಿಂತ ದಪ್ಪಗೆ ಹತ್ತಿ ತುಂಬಿದ ಗಾದಿಗಳನ್ನು ಸ್ಪೀಕರಿನ ಹಿಂದಿನ ಎರಡೂ ಮೂಲೆಗಳಲ್ಲಿ ನೆಲದಿಂದ ಸೂರಿನವರೆಗೆ ನಿಲ್ಲಿಸಿದರೆ ಗುಂಯ್ ಎನ್ನುವುದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಗುತ್ತದೆ. ಬೆಂಕಿಯ ಭಯ ಮಾತ್ರ ಮರೆಯಬಾರದು. ವಿದ್ಯುತ್ ತಂತಿಗಳನ್ನು ಅದರಿಂದ ದೂರ ಇಡಬೇಕು.

ಹೀಗೆ ಸದ್ದನ್ನು ನಿಲ್ಲಿಸಿದ ಕೋಣೆಯಲ್ಲಿ ಹಳೆಯ ಮುದ್ರಿಕೆಗಳನ್ನು ಕೇಳುವುದೇ ಒಂದು ಪಾಠ. ಗಂಗೂಬಾಯಿ ಹಾನಗಲ್ಲರು 1930ರ ದಶಕದಲ್ಲಿ ಎಚ್‌ಎಂವಿಗೆ ಹಾಡಿದ ತಟ್ಟೆಗಳಲ್ಲಿ ದನಿ ಎಳೆಯದು, ಎತ್ತರದ್ದು. ಗಂಟಲಿನ ಚಿಕಿತ್ಸೆಯ ನಂತರ ಅವರ ದನಿ ಬದಲಾಗಿ, ಮುಂದೆ ಲೋಕ ಕೊಂಡಾಡಿದ ಆ ಗಡಸು, ಆಳದ ಕಂಠವಾಯಿತು. ಎರಡನ್ನೂ ಒಂದಾದ ಮೇಲೊಂದು ಕೇಳುವಾಗ ವ್ಯತ್ಯಾಸದಲ್ಲಿ ಕಂಠದ ಪಾಲೆಷ್ಟು, ಕಾಲದ ಯಂತ್ರದ ಪಾಲೆಷ್ಟು, ಕೇಳುವವನ ತಿರುಪಿನ ಪಾಲೆಷ್ಟು? ಕೊನೆಯದನ್ನಾದರೂ ಲೆಕ್ಕದಿಂದ ತೆಗೆದುಹಾಕುವುದು ಸಾಧ್ಯ. ಹಾಗೆಯೇ ಭೀಮಸೇನರ ದೀರ್ಘ ಮುದ್ರಿಕೆಗಳು. ತಂಬೂರಿಯೊಳಗೆ ಕರಗಿದಂಥ ಷಡ್ಜದಿಂದ ಆರಂಭವಾಗಿ ಗುಡುಗಿನಂಥ ತಾನುಗಳವರೆಗೆ ಏರುವ ಆ ಗಾಯನದಲ್ಲಿ ಮೆಲು ಮತ್ತು ಜೋರಿನ ನಡುವಿನ ದೂರವೇ ಅರ್ಧ ಸಂಗೀತ. ಆಲಾಪದಲ್ಲಿ ತಿರುಪು ಏರಿಸಿ, ತಾನಿನಲ್ಲಿ ಇಳಿಸುವ ಕೇಳುಗ ಆ ದೂರವನ್ನು ತನ್ನ ಕೈಯಿಂದಲೇ ಅಳಿಸಿಹಾಕುತ್ತಾನೆ.

ಇಂದಿನ ಜಾನಪದ ಮುದ್ರಣಗಳಲ್ಲಿ ಆ ದೂರವನ್ನು ಯಂತ್ರವೇ ಅಳಿಸುತ್ತಿದೆ. ಪಕ್ಕದ ಊರಿನವನ ಹಾಡಿಗಿಂತ ತನ್ನ ಹಾಡು ಜೋರಾಗಿ ಕೇಳಬೇಕೆಂಬ ಹಟದಲ್ಲಿ ಮೆಲುದನಿಯನ್ನೆಲ್ಲ ಮೇಲೆಳೆದು, ಎತ್ತರದ್ದನ್ನು ಕತ್ತರಿಸಿ, ಹಾಡನ್ನು ಇಟ್ಟಿಗೆಯಂತೆ ಸಪಾಟು ಮಾಡುತ್ತಾರೆ. ಪರದೆಯ ಮೇಲೆ ದನಿಯ ಅಲೆ ದಪ್ಪ ಪಟ್ಟಿಯಾಗಿ ಕಂಡರೆ ಸಂತೋಷ. ಇದು ಕಣ್ಣಿನಿಂದ ಕೇಳುವ ರೋಗ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಬೆಳೆಸಿದ ಪರಂಪರೆಯಲ್ಲಿ ಗುರುವಿಗೂ ಅನೇಕ ಶಿಷ್ಯರಿಗೂ ಕಣ್ಣಿರಲಿಲ್ಲ. ತಂಬೂರಿ ಕೂಡಿತೋ ಇಲ್ಲವೋ ಎಂಬುದನ್ನು ಕಿವಿಯೊಂದೇ ಹೇಳಬೇಕಿತ್ತು. ಅಂಥ ನೆರೆಯಲ್ಲಿ ಕುಳಿತು ಅಲೆಯ ಚಿತ್ರ ನೋಡಿ ಹಾಡನ್ನು ತೀರ್ಮಾನಿಸುವುದು ಸ್ವಲ್ಪ ನಾಚಿಕೆಗೇಡಿನ ಸಂಗತಿಯೇ. ಅಲ್ಲದೆ ಈ ಪೈಪೋಟಿಯಿಂದ ಲಾಭವೂ ಇಲ್ಲ. ಯೂಟ್ಯೂಬ್ ಪ್ರತಿ ಹಾಡಿನ ಸರಾಸರಿ ಜೋರನ್ನು ಅಳೆದು, ಸುಮಾರು ಮೈನಸ್ 14 ಎಂಬ ಗೆರೆಗಿಂತ ಮೇಲಿದ್ದುದನ್ನು ತಾನೇ ಕೆಳಗಿಳಿಸುತ್ತದೆ. ಹಿಂಡಿ ಸಪಾಟು ಮಾಡಿದ ಹಾಡು ಅಲ್ಲಿ ಜೋರಾಗಿಯೂ ಕೇಳುವುದಿಲ್ಲ, ಜೀವಂತವಾಗಿಯೂ ಇರುವುದಿಲ್ಲ. ತಿರುಪನ್ನು ಗೆರೆಗೆ ನಿಲ್ಲಿಸಿಕೊಂಡವನು ಇಂಥ ಹಾಡನ್ನು ಹಚ್ಚಿದ ಕೂಡಲೇ ಕಿವಿ ಮುಚ್ಚಿಕೊಳ್ಳುತ್ತಾನೆ. ತಿರುಪು ಇಳಿಸುವಂತಿಲ್ಲವಾದ್ದರಿಂದ ಹಾಡನ್ನೇ ಇಳಿಸುತ್ತಾನೆ. ಪದ್ಧತಿಯ ನಿಜವಾದ ಉಪಯೋಗ ಇಲ್ಲಿದೆ.

ಬಯಲಿನ ಸದ್ದಿನ ಲೆಕ್ಕ ಬೇರೆ. ಕಾಲುಪೆಟ್ಟಿಗೆಯ ಎತ್ತರದ ಶ್ರುತಿಗೆ ಕಂಠ ಎತ್ತಿ, ಮೈಕಿಲ್ಲದೆ ಕೊನೆಯ ಸಾಲಿಗೂ ಮಾತು ಮುಟ್ಟಿಸುತ್ತಿದ್ದ ಕಂಪನಿ ನಾಟಕದ ನಟರ ಕಾಲ ಹೋಯಿತು. ಈಗ ಜಾತ್ರೆಯ ಬಯಲಿನಲ್ಲಿ ವೇದಿಕೆಯ ಎಡಬಲಕ್ಕೆ ಪೆಟ್ಟಿಗೆಗಳ ಗೋಪುರ. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರಿನಿಂದ 64 ಮೀಟರಿಗೆ ಹೋಗುವಷ್ಟರಲ್ಲಿ ಆರು ಸಲ ಇಮ್ಮಡಿ, ಅಂದರೆ 36 ಡೆಸಿಬೆಲ್ ನಷ್ಟ. 64 ಮೀಟರ್ ದೂರದವನಿಗೆ 80 ಡೆಸಿಬೆಲ್ ಮುಟ್ಟಿಸಲು ಹೊರಟರೆ ಪೆಟ್ಟಿಗೆಯಿಂದ ಎರಡು ಮೀಟರಿನಲ್ಲಿ ಕುಣಿಯುವ ಹುಡುಗರ ಕಿವಿಗೆ ಬೀಳುವುದು 110. ಒಂದೇ ಗೋಪುರದ ಬದಲು ಬಯಲಿನುದ್ದಕ್ಕೂ ಸಣ್ಣ ಸಣ್ಣ ಪೆಟ್ಟಿಗೆಗಳನ್ನು ಹಂಚಿ ಇಟ್ಟರೆ ಅಷ್ಟು ಬಲವೇ ಬೇಕಾಗುವುದಿಲ್ಲ, ಮಾತೂ ಸ್ಪಷ್ಟವಾಗುತ್ತದೆ. 2000ರ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿಗೆ 55, ರಾತ್ರಿಗೆ 45 ಡೆಸಿಬೆಲ್ ಮಿತಿ. ಬಯಲಿನಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕಕ್ಕೆ ನಿಷೇಧ, ಹಬ್ಬಹರಿದಿನಗಳಿಗೆಂದು ರಾಜ್ಯ ಸರಕಾರ ವರ್ಷಕ್ಕೆ 15 ದಿನ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಸಬಹುದು. ನಿಯಮ ಎಷ್ಟು ಪಾಲನೆಯಾಗುತ್ತಿದೆ ಎಂಬುದು ಜಾತ್ರೆಯ ಮಗ್ಗುಲಿಗೆ ಮನೆಯಿದ್ದವರಿಗೆ ಚೆನ್ನಾಗಿ ಗೊತ್ತು.

ಸ್ಟುಡಿಯೊದಲ್ಲಿ ಕೂರುವವರಿಗೂ ಒಂದು ಲೆಕ್ಕವಿದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಮಿತಿಯಂತೆ 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಇಲ್ಲಿ ಅಳತೆ ‘ಎ’ಯದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿಕೆಗೆ ಕಾಲ ಅರ್ಧವಾಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ 1. ದಣಿದ ಕಿವಿಗೆ ಮೊದಲು ಮಂಕಾಗುವುದು ಮೇಲುಸ್ವರಗಳು. ಅದು ಗೊತ್ತಾಗದೆ ಹಾಡಿಗೆ ಮೇಲುಸ್ವರ ತುಂಬುತ್ತ ಹೋಗುವ ಹುಡುಗರ ಕೆಲಸ ಮರುದಿನ ಬೆಳಿಗ್ಗೆ ಅವರಿಗೇ ಕರ್ಕಶವೆನಿಸುತ್ತದೆ. ಗಂಟೆಗೊಮ್ಮೆ ಎದ್ದು ಹೊರಗೆ ಹೋಗಿ ಹತ್ತು ನಿಮಿಷ ಸುಮ್ಮನೆ ಕುಳಿತು ಬರುವುದು ಅನುಭವಸ್ಥ ಎಂಜಿನಿಯರುಗಳ ರೂಢಿ. ಅದೇ ಲೆಕ್ಕ ಮುಂದುವರಿಸಿದರೆ 100 ಡೆಸಿಬೆಲ್ ಸದ್ದಿನ ಡಿಜೆ ಪೆಟ್ಟಿಗೆಯ ಮುಂದೆ ದಿನಕ್ಕೆ ನಿಲ್ಲಬಹುದಾದ ಅವಧಿ 15 ನಿಮಿಷ.